ಬಿತ್ತನೆಯ ಕಾಳೂ ವಿಮರ್ಶೆಯ ಕಣ್ಣೂ

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಅದರ ಮೇಲೆ ಹರಿದ ವಿಮರ್ಶೆಯ ಮಸಿ ಕಡಿಮೆಯೇನಲ್ಲ. ಅಸ್ಪೃಶ್ಯತೆ, ಭೂಮಿಯ ಹಂಬಲ, ಮತಾಂತರದ ತೊಳಲಾಟ, ದುರಂತ ನಾಯಕನ ಲಕ್ಷಣ ಎಂಬ ಶಿರೋನಾಮೆಗಳನ್ನು ನಾನೂ ಮೂವತ್ತು ವರ್ಷಗಳ ಕಾಲ ಕರಿಹಲಗೆಯ ಮೇಲೆ ಬರೆದು ಪಾಠ ಹೇಳಿದವನೇ. ಆದರೆ ಒಂದು ಸಾಮಾನ್ಯ ಪ್ರಶ್ನೆ ನನ್ನ ಬಾಯಿಂದ ಎಂದೂ ಹೊರಡಲಿಲ್ಲ. ಧಣಿಯು ಮನಸ್ಸು ಕರಗಿ ಒಂದು ತುಂಡು ಗದ್ದೆಯನ್ನು ಚೋಮನಿಗೆ ಕೊಟ್ಟೇಬಿಟ್ಟಿದ್ದನೆನ್ನೋಣ. ಎತ್ತುಗಳು ಅವನಲ್ಲಿದ್ದವು, ತೋಳಿನಲ್ಲಿ ಕಸುವಿತ್ತು. ಬಿತ್ತುವ ಬೀಜ ಯಾರ ಮನೆಯಿಂದ ಬರುತ್ತಿತ್ತು? ಪೈರು ಕೈಗೆ ಬರುವವರೆಗಿನ ಗಂಜಿ ಯಾರ ಸಾಲದ ಲೆಕ್ಕಕ್ಕೆ ಸೇರುತ್ತಿತ್ತು?

ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಯಾವ ಸಾಹಿತ್ಯಶಾಸ್ತ್ರದ ಗ್ರಂಥವೂ ಅಲ್ಲ. ಬೀದರಕ್ಕೆ ನೆರೆಯಾದ ಜಹೀರಾಬಾದಿನ ಸುತ್ತಲ ಹಳ್ಳಿಗಳ ಹೆಂಗಸರು, ಅದರಲ್ಲೂ ಬಹುಪಾಲು ದಲಿತ ಹೆಂಗಸರು. ಹಿಂದೆ ಮೇದಕ ಜಿಲ್ಲೆಗೆ ಸೇರಿದ್ದು 2016ರಿಂದ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಭಾಗವಾಗಿರುವ ಈ ಸೀಮೆಯ ಪಸ್ತಾಪುರದಲ್ಲಿ, 1983ರಲ್ಲಿ ಸ್ಥಾಪಿತವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ, ಈ ಹೆಂಗಸರು ಊರೂರಿಗೆ ಸಂಘ ಕಟ್ಟಿಕೊಂಡರು. ಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಗ್ರಾಮೀಣ ಕಾರ್ಯಕ್ರಮಗಳ ನಿರ್ಮಾಪಕರಾಗಿದ್ದವರು. 2023ರ ಮಾರ್ಚ್ ತಿಂಗಳಿನಲ್ಲಿ ತೀರಿಕೊಂಡರು. ಕನ್ನಡ ನಾಡಿನಿಂದ ಹೋದವರೊಬ್ಬರು ನಮ್ಮ ಗಡಿಯಲ್ಲೇ ನಲವತ್ತು ವರ್ಷ ಮಾಡಿದ ಕೆಲಸ ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಪ್ರಸ್ತಾಪಕ್ಕೆ ಬಂದುದನ್ನು ನಾನು ಕೇಳಿಲ್ಲ. ಕೃಷಿಯ ಮಾತು ಸಾಹಿತ್ಯಕ್ಕೆ ಸಲ್ಲದೆಂಬ ನಮ್ಮ ಸಂಕೋಚವೇ ಇದಕ್ಕೆ ಕಾರಣವಿರಬಹುದು.

1983ನೆಯ ಇಸವಿಗೆ ಇನ್ನೊಂದು ಮಹತ್ತ್ವವೂ ಉಂಟು. ಕಿಲೋ ಒಂದಕ್ಕೆ ಎರಡು ರೂಪಾಯಿಯ ಅಕ್ಕಿ ಆಂಧ್ರಪ್ರದೇಶದಲ್ಲಿ ಆರಂಭವಾದದ್ದು ಅದೇ ವರ್ಷ. ಆ ಅಕ್ಕಿಯನ್ನು ಹಳಿಯುವವನು ಹಸಿವನ್ನರಿಯದವನು. ಆದರೆ ಅದರ ಜೊತೆಯಲ್ಲೇ ಮತ್ತೊಂದು ನಡೆಯಿತು. ಜೋಳ, ಸಾಮೆ, ನವಣೆಗಳನ್ನು ಬೆಳೆಯುತ್ತಿದ್ದ ಮಳೆಯಾಸರೆಯ ಬಡ ಹೊಲ ‘ಲಾಭವಿಲ್ಲ’ವೆಂದು ಬೀಳುಬಿತ್ತು. ಸರಕಾರದಿಂದ ಭೂಮಿ ದೊರೆತವರ ಪಾಲಿಗೂ ಬಂದದ್ದು ಬಹುಮಟ್ಟಿಗೆ ಇಂಥದೇ ಕಲ್ಲುನೆಲ. ಅಂದರೆ ಚೋಮನ ವಂಶಸ್ಥರಿಗೆ ಭೂಮಿ ಸಿಕ್ಕಿತು, ಬೇಸಾಯ ಸಿಕ್ಕಲಿಲ್ಲ.

1990ರ ದಶಕದ ನಡುವಿನಲ್ಲಿ ಸಂಘಗಳು ಕೈಗೊಂಡ ಧಾನ್ಯನಿಧಿಯ ಏರ್ಪಾಡನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬೀಳು ಹೊಲವನ್ನು ಹಸನು ಮಾಡಲು, ಗೊಬ್ಬರ ಹಾಕಲು, ಬಿತ್ತಲು ರೈತ ಕುಟುಂಬಕ್ಕೆ ಸಾಲ. ಅದರ ತೀರುವಳಿ ಹಣದಲ್ಲಲ್ಲ, ಜೋಳದಲ್ಲಿ. ಅದೂ ಐದು ವರ್ಷಗಳಲ್ಲಿ ಹಂಚಿ. ಬಂದ ಜೋಳ ದೂರದ ಗೋದಾಮಿಗೆ ಹೋಗದೆ ಆಯಾ ಊರಿನಲ್ಲೇ ದಾಸ್ತಾನಾಗುತ್ತಿತ್ತು. ಊರಿನಲ್ಲಿ ಯಾರು ಕಡುಬಡವರು ಎಂಬುದನ್ನು ನಿರ್ಣಯಿಸಿದವರು ತಹಶೀಲಿಯ ಗುಮಾಸ್ತರಲ್ಲ. ಊರವರೇ ಕಲೆತು, ಮನೆಮನೆಯ ಸ್ಥಿತಿಯನ್ನು ಬಹಿರಂಗವಾಗಿ ಚರ್ಚಿಸಿ ದರ್ಜೆ ಗೊತ್ತುಮಾಡಿದರು. ಹೆಚ್ಚು ಬಡವರಿಗೆ ಹೆಚ್ಚು ಜೋಳ, ಪೇಟೆಯ ದರಕ್ಕಿಂತ ಕಡಿಮೆಗೆ. ಹೊಲ ಹಸನಾಯಿತು, ಕೂಲಿ ಹುಟ್ಟಿತು, ದನಕ್ಕೆ ಕಣಕಿ ದೊರೆಯಿತು, ಊಟ ಊರಲ್ಲೇ ಉಳಿಯಿತು.

ಬೀಜದ ವ್ಯವಹಾರವೂ ಹಾಗೆಯೇ. ಬೂದಿಯನ್ನೂ ಬೇವಿನೆಲೆಯನ್ನೂ ಬೆರೆಸಿ, ಬುಟ್ಟಿಗೆ ಮಣ್ಣು ಮೆತ್ತಿ ಕಾಪಾಡಿದ ಕಾಳನ್ನು ಬೇಕಾದವರು ಒಯ್ದು, ಸುಗ್ಗಿಯಲ್ಲಿ ಒಯ್ದುದಕ್ಕಿಂತ ಹೆಚ್ಚಾಗಿ ತಂದು ತುಂಬುವುದು. ಜೋಳದ ನಡುವೆ ತೊಗರಿ, ಹೆಸರು, ಅಲಸಂದಿ, ಪುಂಡಿ. ಹೀಗೆ ಒಂದೇ ಹೊಲದಲ್ಲಿ ಹತ್ತು ಹನ್ನೆರಡು ಬೆಳೆಗಳನ್ನು, ಒಮ್ಮೊಮ್ಮೆ ಇನ್ನೂ ಹೆಚ್ಚನ್ನು, ಬೆಳೆಯುವ ಪದ್ಧತಿ ಇದರ ಬೆನ್ನೆಲುಬು. ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದಕ್ಕೆ ಕೊಡುವುದಿಲ್ಲ. ದ್ವಿದಳ ಧಾನ್ಯದ ಬೇರು ನೆಲಕ್ಕೆ ಸಾರಜನಕವನ್ನು ಸೇರಿಸುತ್ತದೆ. ಹೊಸೂರು, ಮಡಕಶಿರಾ ಕಡೆಯ ವಾಚಕರಿಗೆ ರಾಗಿ ಹೊಲದ ಅಕ್ಕಡಿ ಸಾಲು ಗೊತ್ತಿದ್ದೇ ಇದೆಯಾದ್ದರಿಂದ ಇದನ್ನು ಬೆಳೆಸಿ ಹೇಳಬೇಕಾಗಿಲ್ಲ. ಈಗ ವಿಶ್ವವಿದ್ಯಾನಿಲಯಗಳವರು ಇದಕ್ಕೆ ಕೃಷಿ ಪರಿಸರ ವಿಜ್ಞಾನವೆಂದು ಹೆಸರಿಟ್ಟಿದ್ದಾರೆ.

ಹೆಸರಿನ ಮಾತು ಬಂದುದರಿಂದ ಒಂದು ಆಕ್ಷೇಪ. ‘ಆಹಾರ ಸಾರ್ವಭೌಮತ್ವ’ ಎಂಬ ಶಬ್ದ ಇತ್ತೀಚೆಗೆ ನಮ್ಮ ಲೇಖನಗಳಲ್ಲಿ ಓಡಾಡುತ್ತಿದೆ. ‘ವಿಯಾ ಕಂಪೆಸಿನಾ’ ಎಂಬ ರೈತರ ಅಂತರರಾಷ್ಟ್ರೀಯ ಸಂಘಟನೆ 1996ರಲ್ಲಿ, ರೋಮ್ ನಗರದ ವಿಶ್ವ ಆಹಾರ ಸಮ್ಮೇಳನದ ಸಂದರ್ಭದಲ್ಲಿ, ಮುಂದಿಟ್ಟ ಭಾವನೆ ಇದು. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘವೂ ಆ ಸಂಘಟನೆಯ ಅಂಗ. ಆಹಾರ ಭದ್ರತೆಯು ಕಾಳು ಬಂತೇ ಎಂದು ಕೇಳಿದರೆ, ಇದು ಕಾಳನ್ನು ಯಾರು ಬೆಳೆದರು, ಯಾವುದನ್ನು ಬೆಳೆಯಬೇಕೆಂದು ಯಾರು ನಿಶ್ಚಯಿಸಿದರು ಎಂದು ಕೇಳುತ್ತದೆ. ವಿಚಾರ ಉತ್ತಮವಾದುದೇ. ಆದರೆ ಸಾರ್ವಭೌಮನೆಂದರೆ ಸರ್ವಭೂಮಿಗೂ ಒಡೆಯ, ಚಕ್ರವರ್ತಿ. ಎರಡೆಕರೆ ಹೊಲದ ಹೆಂಗಸಿನ ತಲೆಗೆ ಈ ಕಿರೀಟ ಒಪ್ಪದು. ‘ಊಟದ ಸ್ವಾಧಿಕಾರ’ ಎಂದರೆ ಸಾಲದೇ? ಪಂಡಿತರು ಯೋಚಿಸಲಿ.

ಇನ್ನು ವಿಮರ್ಶೆಗೆ ಹಿಂದಿರುಗುತ್ತೇನೆ. ಜಹೀರಾಬಾದಿನ ಸಂಘದ ಹೆಂಗಸರಲ್ಲಿ ಕೆಲವರು ಚಲನಚಿತ್ರದ ಕ್ಯಾಮೆರಾ ಹಿಡಿಯುವುದನ್ನು ಕಲಿತರು. 2001ರಲ್ಲಿ ಅವರದೇ ಸಮುದಾಯ ಮಾಧ್ಯಮ ಟ್ರಸ್ಟ್ ಏರ್ಪಟ್ಟಿತು. 2008ರಿಂದ ಮಾಚನೂರಿನಲ್ಲಿ ಅವರ ರೇಡಿಯೋ ಕೇಂದ್ರವೂ ಉಂಟು. ಅವರಲ್ಲಿ ಬಹುಮಂದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕ್ಯಾಮೆರಾದ ಕೋನಗಳಿಗೆ ಅವರು ಇಟ್ಟುಕೊಂಡ ಹೆಸರುಗಳನ್ನು ಕೇಳಿ ನಾನು ಬೆರಗಾದೆ. ಕ್ಯಾಮೆರಾ ಕೆಳಗಿದ್ದು ಮೇಲಕ್ಕೆ ನೋಡಿದರೆ ಅದು ಪಟೇಲನ ಷಾಟ್, ಏಕೆಂದರೆ ಕಟ್ಟೆಯ ಮೇಲೆ ಕುಳಿತ ಪಟೇಲ ಕೆಳಗೆ ನಿಂತವರಿಗೆ ಕಾಣುವುದು ಹಾಗೆ. ಮೇಲಿನಿಂದ ಕೆಳಕ್ಕೆ ನೋಡಿದರೆ ಜೀತದಾಳಿನ ಷಾಟ್. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕೂರುವುದರಿಂದ, ಕಣ್ಣಿಗೆ ಕಣ್ಣು ಸಮನಾದ ನೋಟ ಸಂಘದ ಷಾಟ್. ಅಲಂಕಾರಶಾಸ್ತ್ರದ ಎಷ್ಟೋ ವಿಭಾಗಗಳಿಗಿಂತ ಇದು ನನಗೆ ಉಪಯುಕ್ತವಾಗಿ ಕಂಡಿದೆ.

ಈ ಮೂರು ನೋಟಗಳಿಂದ ನಮ್ಮ ಸಾಹಿತ್ಯದ ರೈತನನ್ನು ನೋಡಿರಿ. ರೈತಗೀತೆಯಾಗಿ ನಾವು ಎದ್ದುನಿಂತು ಹಾಡಿಸುವ ಕುವೆಂಪು ಅವರ ಗೀತೆಯಲ್ಲಿ ಅವನು ಯೋಗಿ. ಮಹಾಕವಿಯ ಭಕ್ತಿ ನಿಜವಾದದ್ದು, ಅದನ್ನು ನಾನು ಕಿರಿದು ಮಾಡಲಾರೆ. ಆದರೂ ಅದು ತಲೆಯೆತ್ತಿ ನೋಡಿದ ನೋಟ. ಅದರ ಜಾಡಿನಲ್ಲಿ ಬಂದ ನೂರಾರು ಅನುಕರಣ ಪದ್ಯಗಳಲ್ಲಿ ಭಕ್ತಿಯೂ ಇಲ್ಲ, ಬರಿಯ ಕತ್ತು ನೋವು. ಮತ್ತೊಂದು ಕಡೆ, ಬರಗಾಲದ ಕಥೆಗಳ ರೈತ ಯಾವಾಗಲೂ ಕಾಲ ಬುಡದಲ್ಲಿ ಬಿದ್ದವನು. ಓದುವವನಿಗೆ ಮರುಕ, ಬರೆದವನಿಗೆ ಬಹುಮಾನ.

ಕಾರಂತರು ಈ ಎರಡಕ್ಕೂ ಸುಲಭವಾಗಿ ಸಿಕ್ಕುವವರಲ್ಲ. ಚೋಮನ ಗುಡಿಸಲಿನಲ್ಲಿ ದುಡಿ ಬಾರಿಸುವಾಗ ಅವರ ಕಣ್ಣು ಚೋಮನ ಕಣ್ಣಿಗೆ ಸಮನಾಗಿಯೇ ಇದೆ. ತೋಟದ ಸಾಲ ತೀರಿಸಲು ಬೆಳ್ಳಿ ಘಟ್ಟ ಹತ್ತುವ ಪ್ರಕರಣದಲ್ಲಿಯೂ ಹಾಗೆಯೇ. ಅಲ್ಲಿ ಮರುಕದ ಮಾತು ಎಷ್ಟು ಕಡಿಮೆ! ತಪ್ಪಿರುವುದು ನಮ್ಮಲ್ಲಿ, ಅಂದರೆ ವಿಮರ್ಶಕರಲ್ಲಿಯೂ ಪಾಠ ಹೇಳುವವರಲ್ಲಿಯೂ. ಕೊನೆಯಲ್ಲಿ ನೇಗಿಲು ಮುರಿಯುವ ಚೋಮನನ್ನು ಏಕಾಂಗಿ ವೀರನೆಂದು ಎತ್ತರದಲ್ಲಿರಿಸಿ ಕೆಳಗಿನಿಂದ ನೋಡಿದೆವು. ಮನೆಯ ಹೊಟ್ಟೆಯನ್ನು ಸಾಕಿದ ಬೆಳ್ಳಿಯನ್ನು ‘ಶೋಷಿತೆ’ ಎಂಬ ಒಂದು ಪದದಲ್ಲಿ ಮೇಲಿನಿಂದ ನೋಡಿ ಮುಗಿಸಿದೆವು. ಅಪ್ಪನಿಗೆ ಎತ್ತು, ನೇಗಿಲು, ಕನಸು. ಮಗಳಿಗೆ ತೋಟದ ಕೂಲಿ. ಬೇಸಾಯವೆಂದರೆ ನೇಗಿಲೆಂದೇ ತಿಳಿದ ನಾವು, ಈ ಮನೆಗೆ ಗದ್ದೆ ಸಿಕ್ಕಿದ್ದರೆ ಬೀಜದ ಬುಟ್ಟಿ ಬೆಳ್ಳಿಯ ಕೈಯಲ್ಲಿರುತ್ತಿತ್ತೆಂದು ಊಹಿಸಲೂ ಇಲ್ಲ.

ಸಂಘದ ಹೆಂಗಸರನ್ನೂ ಅನ್ನಪೂರ್ಣೆಯರೆಂದು ಎತ್ತರದಲ್ಲಿರಿಸುವ ಲೇಖನಗಳು ಬರುತ್ತಿವೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದ ಮೇಲೆ, 2023ನ್ನು ಸಿರಿಧಾನ್ಯ ವರ್ಷವೆಂದು ಜಗತ್ತು ಆಚರಿಸಿದ ಮೇಲೆ ಇದು ಹೆಚ್ಚಿದೆ. ಇದೂ ಪಟೇಲನ ಷಾಟೇ. ಸಾಮೆಯ ಸಿಪ್ಪೆ ಬಿಡಿಸಲು ಒನಕೆ ಹಿಡಿದವಳ ರಟ್ಟೆಯ ನೋವನ್ನು ಹೇಳದ ಸಿರಿಧಾನ್ಯ ಪ್ರಶಂಸೆ ಅರ್ಧಸತ್ಯ. ಹಳ್ಳಿಗಳು ಸಾಮೆಯನ್ನು ಬಿಟ್ಟುದಕ್ಕೆ ರೇಷನ್ ಅಕ್ಕಿಯಷ್ಟೇ ಈ ಒನಕೆಯೂ ಕಾರಣ. ಜಹೀರಾಬಾದಿನ ಸುತ್ತ ಕಬ್ಬು, ಹತ್ತಿಗಳೂ ಬೆಳೆಯುತ್ತಿವೆ. ಸಂಘದ ಹೊಲಗಳು ಅವುಗಳ ನಡುವೆ ನಿಂತಿವೆ.

ಗಡಿನಾಡಿನ ಶಿಕ್ಷಕರಾದ ನಾವು ಜಾನಪದ ಗೀತೆಗಳನ್ನು ಸಂಗ್ರಹಿಸಿದ ಹುರುಪಿನಲ್ಲಿ ಬೀಜದ ಹೆಸರುಗಳನ್ನೂ ಸಂಗ್ರಹಿಸಬಾರದೇಕೆ? ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಕೆಲಸ ಕೊಟ್ಟೆ. ನವಣೆಗೆ ತೆಲುಗಿನ ಕೊರ್ರ, ಪುಂಡಿಗೆ ಪುಂಟಿಕೂರ. ಒಂದೇ ಅಜ್ಜಿಯ ಬಾಯಲ್ಲಿ ಎರಡು ಭಾಷೆಯೂ ಬಂದವು. ಪಟ್ಟಿಯ ಗೆರೆಗಳನ್ನು ನಾನೇ ಎಳೆದುಕೊಟ್ಟಿದ್ದೆ: ಬೀಜದ ಹೆಸರು, ಬಿತ್ತುವ ಮಳೆ, ರೈತನ ಹೆಸರು. ಮೂರನೆಯ ಕಲಮಿನಲ್ಲಿ ಮಕ್ಕಳು ಅಜ್ಜಂದಿರ ಹೆಸರನ್ನೇ ತುಂಬಿದ್ದರು. ಒಬ್ಬ ಹುಡುಗಿ ಮಾತ್ರ ಅದನ್ನು ಖಾಲಿ ಬಿಟ್ಟು ತಂದು, “ಸರ್, ಬೀಜ ಇಟ್ಟದ್ದು ಅಜ್ಜಿ. ಆಕೀ ಹೆಸರು ಯಾವ ಮನೆಯಾಗ ಬರೀಲಿ?” ಎಂದು ಕೇಳಿದಳು. ಈ ವರ್ಷ ಗೆರೆಗಳನ್ನು ಬೇರೆಯಾಗಿ ಎಳೆದಿದ್ದೇನೆ.