ಐಸೆನ್‌ಹೋವರ್ ಡಾಲರ್: ಮೊದಲು ಕೆನ್ನೆ ನೋಡಿ

ಅಮೆರಿಕದ ಐಸೆನ್‌ಹೋವರ್ ಡಾಲರನ್ನು ಕೈಗೆತ್ತಿಕೊಂಡ ಹೊಸಬರು ಮೊದಲು ಕೇಳುವುದೇ ಎಷ್ಟು ಅಚ್ಚಾಗಿದ್ದವು ಎಂದು. ದಾರಿ ತಪ್ಪುವುದು ಅಲ್ಲೇ. 1973ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದದ್ದು ಸುಮಾರು 20 ಲಕ್ಷ, 1971ರಲ್ಲಿ ಅಲ್ಲೇ 4.7 ಕೋಟಿಗೂ ಮಿಕ್ಕಿ. ಆದರೂ ಕಣ್ಣಿಗೆ ಒಪ್ಪುವ ನಾಣ್ಯಕ್ಕಾಗಿ ಹೆಚ್ಚು ಅಲೆಯಬೇಕಾದದ್ದು 1971ರದ್ದಕ್ಕೆ. 1973ರವನ್ನು ಚಲಾವಣೆಗೆ ಬಿಡದೆ ಟಂಕಸಾಲೆಯೇ ಸೆಟ್ಟುಗಳಲ್ಲಿ ಮಾರಿತು, ಕೊಂಡವರು ಜೋಪಾನವಾಗಿಟ್ಟರು. 1971 ಮತ್ತು 1972ರ ಸೆಟ್ಟುಗಳಲ್ಲಿ ಡಾಲರೇ ಇರಲಿಲ್ಲ. ಒಂದೊಂದೂ 22.68 ಗ್ರಾಂ ತೂಗುವ ನಾಣ್ಯಗಳು ಸಾವಿರಗಟ್ಟಲೆ ಒಂದೇ ಚೀಲದೊಳಗೆ ಬಿದ್ದು, ಒಂದನ್ನೊಂದು ಗುದ್ದಿಕೊಂಡೇ ಬ್ಯಾಂಕು ತಲುಪಿದವು.

ಆದ್ದರಿಂದ ನೋಡಬೇಕಾದ್ದು ಮೈಯನ್ನು, ಅದರಲ್ಲೂ ಮೇಲಿನ ಐಸೆನ್‌ಹೋವರ್ ಮುಖದ ಕೆನ್ನೆ ಮತ್ತು ದವಡೆಯನ್ನು. ತಾಮ್ರ-ನಿಕ್ಕಲ್ ಹೊದಿಕೆ ಗಟ್ಟಿಯಾದದ್ದು. ಒತ್ತಡ ಸಾಲದಿದ್ದರೆ ಲೋಹ ಅಚ್ಚಿನ ಆಳಕ್ಕೆ ಪೂರ್ತಿ ಇಳಿಯುವುದಿಲ್ಲ. ಆ ಆಳವೇ ನಾಣ್ಯದ ಮೇಲೆ ಎತ್ತರದ ಕೆನ್ನೆಯಾಗುವುದರಿಂದ, ಅಚ್ಚೊತ್ತುವ ಮುನ್ನ ಬರಿಯ ಬಿಲ್ಲೆಗೆ ಇದ್ದ ತರಚುಗಳು ಅಲ್ಲಿ ಅಳಿಯದೆ ಉಳಿಯುತ್ತವೆ. ಒಂದೇ ದೀಪದಡಿ ನಾಣ್ಯವನ್ನು ನಿಧಾನವಾಗಿ ತಿರುಗಿಸಿ ನೋಡಿ. ಚೀಲದಲ್ಲಿ ಬಿದ್ದ ಪೆಟ್ಟು ಥಟ್ಟನೆ ಮಿಂಚುತ್ತದೆ, ಅದರ ಅಂಚಿನಲ್ಲಿ ಲೋಹ ಉಬ್ಬಿರುತ್ತದೆ. ಅಚ್ಚಿಗೆ ಮುಂಚಿನ ಗುರುತು ಮಂಕು, ಉಬ್ಬಿಲ್ಲದ್ದು. ಎರಡೂ ಬೆಲೆ ಇಳಿಸುತ್ತವೆ; ಆದರೆ ಎರಡನೆಯದು ಟಂಕಸಾಲೆಯ ಕೊರತೆ, ಅದು ಮಿತವಾಗಿದ್ದು ಹೊಳಪು ಅಖಂಡವಾಗಿದ್ದರೆ ನಾಣ್ಯವನ್ನು ಬಿಡಬಾರದು. ಇಷ್ಟೆಲ್ಲ ಯಾಕೆ, ಪ್ಲಾಸ್ಟಿಕ್ ಡಬ್ಬಿಯ ಮೇಲೆ ಗ್ರೇಡ್ ಅಂಕಿ ಇದೆಯಲ್ಲ ಎನ್ನುವವರಿದ್ದಾರೆ. ಅಂಕಿ ಒಬ್ಬ ಪರಿಣತನ ಅಭಿಪ್ರಾಯ, ಅದಕ್ಕೆ ಬೆಲೆಯಿದೆ. ಆದರೆ 65 ಎಂದೇ ಬರೆಸಿಕೊಂಡ ಎರಡು ನಾಣ್ಯಗಳಲ್ಲಿ ಒಂದರ ಪೆಟ್ಟು ಹಿನ್ನೆಲೆಯ ಅಂಚಿನಲ್ಲಿ ಅಡಗಿರಬಹುದು, ಇನ್ನೊಂದರದು ನಡುಕೆನ್ನೆಯಲ್ಲಿ ಎದ್ದು ಕಾಣಬಹುದು. ಮುಂದೆ ಕೊಳ್ಳುವವನು ಮೊದಲನೆಯದಕ್ಕೇ ಹೆಚ್ಚು ಕೊಡುತ್ತಾನೆ.

ಸ್ಯಾನ್ ಫ್ರಾನ್ಸಿಸ್ಕೋದ ಶೇ 40ರ ಬೆಳ್ಳಿ ನಾಣ್ಯಗಳು ಬೇರೆ ಲೆಕ್ಕ, ಸುಮಾರು 9.8 ಗ್ರಾಂ ಬೆಳ್ಳಿಯ ಬೆಲೆ ಅವಕ್ಕೆ ಆಸರೆ. ಚಿನ್ನದ ಲೇಪ ಬಳಿದು, ಬಣ್ಣ ಹಚ್ಚಿ, ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಮಾರುವುದನ್ನು ಜನ ಮುಗಿಬಿದ್ದು ಕೊಳ್ಳುತ್ತಾರೆ. ಅದು ರಸಿಕತೆಯಲ್ಲ, ನಾಣ್ಯದ ಮೂಲ ಮೈಯನ್ನೇ ಕೊಂದ ಅಲಂಕಾರ. ಹಿಂಬದಿಯ ಭೂಮಿಯ ಚಿತ್ರದಲ್ಲಿ ಫ್ಲಾರಿಡಾದ ಕೆಳಗಿನ ದ್ವೀಪಗಳನ್ನು ನೋಡಿ ಗುರುತಿಸುವ 1972ರ ಎರಡನೇ ಬಗೆ ನಿಜಕ್ಕೂ ವಿರಳ. ಸವೆದದ್ದಕ್ಕೂ ಬೆಲೆ ಸಿಗುವ ಆ ನಾಣ್ಯದಲ್ಲೂ ಬೆಲೆ ಏರುವುದು ಕೆನ್ನೆ ಸ್ವಚ್ಛವಿದ್ದಾಗಲೇ.