ಕೊಪ್ಪಳದ ಕಂದಾಯ, ರೋಮಿನ ಅಮೃತಶಿಲೆ

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮನ್ನು ಪರಿಚಯಿಸುವಾಗ ತಪ್ಪದೆ ಬರುವ ಮಾತೊಂದಿದೆ: ಇಷ್ಟನ್ನೂ ಕೂಡಿಸಿದವನು ಒಬ್ಬನೇ ಮನುಷ್ಯ. ಈ ಬೆರಗು ಸಹಜ. ಆದರೆ ಮಾತು ಅರ್ಧ ಮಾತ್ರ ನಿಜ.

ಆ ಒಬ್ಬ ಮನುಷ್ಯ ಮೀರ್ ಯೂಸುಫ್ ಅಲಿ ಖಾನ್, ಮೂರನೇ ಸಾಲಾರ್ ಜಂಗ್ (1889–1949). ಎಳೆಯ ವಯಸ್ಸಿನಲ್ಲೇ ನಿಜಾಮರ ದಿವಾನನಾಗಿ, 1914ರಲ್ಲಿ ಹುದ್ದೆ ಬಿಟ್ಟು, ಮುಂದಿನ ಬದುಕನ್ನೆಲ್ಲ ಸಂಗ್ರಹಕ್ಕೆ ಕೊಟ್ಟವನು. ಮದುವೆಯಾಗಲಿಲ್ಲ, ವಾರಸುದಾರರಿರಲಿಲ್ಲ. 1951ರಲ್ಲಿ ಅವನ ದಿವಾನ್ ದೇವಡಿಯಲ್ಲೇ ನೆಹರೂ ಮ್ಯೂಸಿಯಂ ಉದ್ಘಾಟಿಸಿದರು. 1968ರಲ್ಲಿ ಅದು ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಆದರೆ ಅಲ್ಲಿನ ಅತಿ ಪ್ರಸಿದ್ಧ ಶಿಲ್ಪ, ಬೆನ್ಜೋನಿಯ 'ಮುಸುಕಿನ ರೆಬೆಕ್ಕಾ', 1876ರಲ್ಲಿ ರೋಮಿನಿಂದ ತಂದದ್ದು ಅವನ ಅಜ್ಜ. ಹಾಗಾಗಿ 'ಒಬ್ಬ' ಎಂಬುದರೊಳಗೇ ಒಂದು ಮನೆತನವಿದೆ.

ಮನೆತನದ ಹಿಂದೆ ಜಹಗೀರು ಇತ್ತು. ನಮ್ಮ ಕೊಪ್ಪಳ ಸೀಮೆ ಸಾಲಾರ್ ಜಂಗರ ಜಹಗೀರಿಗೆ ಸೇರಿತ್ತು. ಯಾವ ಊರಿನ ಹಣ ಯಾವ ಶಿಲ್ಪಕ್ಕೆ ಹೋಯಿತೆಂದು ಲೆಕ್ಕ ಹಾಕಲಾಗದು. ಆದರೂ ಎರೆಹೊಲದ ಜೋಳದ ಬೆಳೆಗೂ ಅಮೃತಶಿಲೆಯ ಆ ತೆಳು ಮುಸುಕಿಗೂ ನಡುವೆ ಕಂದಾಯದ ದಾರಿಯೊಂದು ಇದ್ದೇ ಇತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಜಹಗೀರು ಪದ್ಧತಿ ರದ್ದಾದದ್ದು 1949ರಲ್ಲಿ, ಸಂಗ್ರಾಹಕ ತೀರಿಕೊಂಡ ವರ್ಷವೇ.

ಹೀಗೆಂದಾಗ ಶಿಲ್ಪದ ಚೆಲುವು ಕಡಿಮೆಯಾಗುವುದಿಲ್ಲ. ಗಂಟೆ ಹೊಡೆಯಲು ಬರುವ ಪುಟ್ಟ ಗಡ್ಡದವನಿಗಾಗಿ ಸಂಗೀತ ಗಡಿಯಾರದೆದುರು ಕಾಯುವ ಜನರ ಸಂತೋಷವನ್ನು ಕೆಡಿಸುವುದೂ ನನ್ನ ಉದ್ದೇಶವಲ್ಲ. ನವಾಬನೊಬ್ಬನ ಕಣ್ಣಿಗೆ ಮೀಸಲಾಗಿದ್ದುದು ಟಿಕೆಟ್ ಕೊಂಡ ಯಾರಿಗೂ ಸಿಗುವಂತಾದದ್ದು ದೊಡ್ಡ ಬದಲಾವಣೆಯೇ. 1961ರಲ್ಲಿ ಸಂಸತ್ತು ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು.

ಆದರೆ ವಸ್ತುಗಳು ಸಾರ್ವಜನಿಕವಾದಷ್ಟು ಸುಲಭವಾಗಿ ಅವುಗಳ ಕತೆ ಸಾರ್ವಜನಿಕವಾಗುವುದಿಲ್ಲ. ಕತೆ ಇನ್ನೂ ಸಂಗ್ರಾಹಕನ ಅಭಿರುಚಿಯ ಸುತ್ತಲೇ ತಿರುಗುತ್ತಿದೆ. ಹಳಗನ್ನಡ ಕಾವ್ಯ ಓದುವಾಗ ಆಶ್ರಯದಾತ ಯಾರು, ಅವನ ಸಂಪತ್ತು ಎಲ್ಲಿಯದು ಎಂದು ಕೇಳುವುದನ್ನು ನಾವು ಕಲಿತಿದ್ದೇವೆ. ಮ್ಯೂಸಿಯಮ್ಮಿಗೆ ಹೋದಾಗ ಮಾತ್ರ ಆ ಪ್ರಶ್ನೆಯನ್ನು ಚೀಲದ ಜೊತೆ ಬಾಗಿಲಲ್ಲೇ ಬಿಟ್ಟು ಒಳಹೋಗುತ್ತೇವೆ.

ಇದೇ ಮ್ಯೂಸಿಯಮ್ಮಿನಲ್ಲಿ ಮರದ ಜೋಡಿ ಶಿಲ್ಪವೊಂದಿದೆ: ಎದುರಿಗೆ ಮೆಫಿಸ್ಟೋಫಿಲಿಸ್, ಬೆನ್ನಿಗೆ ಮಾರ್ಗರೆಟ್. ಅವಳನ್ನು ಕಾಣಲೆಂದೇ ಹಿಂದೆ ಕನ್ನಡಿ ಇಟ್ಟಿದ್ದಾರೆ. ರೆಬೆಕ್ಕಾಳ ಹಿಂದೆ ಕನ್ನಡಿ ಬೇಕಿಲ್ಲ. ಜಹಗೀರಿನ ಊರುಗಳನ್ನು ಗುರುತಿಸಿದ ಒಂದು ನಕ್ಷೆ ಸಾಕು. ಕೊಪ್ಪಳದಿಂದ ಪ್ರವಾಸ ಬಂದ ಶಾಲೆಯ ಹುಡುಗಿ ಅದರಲ್ಲಿ ತನ್ನೂರಿನ ಹೆಸರನ್ನು ಓದಿಕೊಂಡು ಮುಂದೆ ಹೋಗಲಿ.