ಯುದ್ಧಾಂತದ ಕ್ರೀಡೆ: ಆರಂಭಕಾಲದ ವಿಚಾರ

1984ರಲ್ಲಿ ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಷಾಪ್ ಸಂಸ್ಥೆಯು ಪ್ರಕಟಿಸಿದ ‘ಟ್ವೈಲೈಟ್: 2000’, ಆಟಗಾರರು ಮಾತಿನಿಂದಲೇ ಪಾತ್ರವಹಿಸಿ ಕಥೆಯನ್ನು ಬೆಳೆಸುವ ಕ್ರೀಡೆ. ಅದರ ಕಲ್ಪಿತ ಮಹಾಯುದ್ಧದಲ್ಲಿ 1997ರಲ್ಲಿ ಅಣ್ವಸ್ತ್ರಗಳ ಪ್ರಯೋಗವಾಗುತ್ತದೆ. 2000ದ ಬೇಸಗೆಯಲ್ಲಿ ಪೋಲೆಂಡಿನ ಕಾಲಿಷ್ ನಗರದ ಬಳಿ ಅಮೆರಿಕದ ಐದನೆಯ ಡಿವಿಷನ್ ನಾಶವಾಗುತ್ತದೆ. ಕ್ರೀಡೆ ತೊಡಗುವುದು ಅಲ್ಲಿಂದ.

ಈ ಆರಂಭವನ್ನು 1997ರ ಆದಿಭಾಗಕ್ಕೆ ಒಯ್ಯುವುದು ಯುಕ್ತವೆ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಆಗ ಇಂಧನ, ಮದ್ದುಗುಂಡುಗಳು ದೊರೆಯುವುವು ನಿಜ. ಆದರೆ ಅಧಿಕಾರದ ಸ್ವರೂಪವೇ ಬದಲಾಗುತ್ತದೆ. 2000ದಲ್ಲಿ ಆಜ್ಞೆ ನೀಡುವವರಿಲ್ಲ. ಮದ್ಯಸಾರ ಬಟ್ಟಿಯಿಳಿಸಿ ವಾಹನ ನಡೆಸುವ ಐದಾರು ಮಂದಿ ತಮ್ಮ ದಾರಿಯನ್ನು ತಾವೇ ನಿಶ್ಚಯಿಸಬೇಕು. 1997ರಲ್ಲಿ ಸೇನಾಧಿಕಾರ ಅಖಂಡವಾಗಿದೆ. ಸೈನಿಕನು ವಿಧೇಯನಾಗಬೇಕು, ಇಲ್ಲವೆ ದ್ರೋಹಿಯಾಗಬೇಕು. ಕ್ರೀಡೆಯ ಪ್ರಾಣವಾದ ಸ್ವಾತಂತ್ರ್ಯ ಇದರಿಂದ ಕುಗ್ಗುತ್ತದೆ.

ಲಾಭವೂ ಉಂಟು. ರನ್ನನು ‘ಗದಾಯುದ್ಧ’ವನ್ನು ಭಾರತಯುದ್ಧದ ಕೊನೆಯಲ್ಲಿ ತೊಡಗಿಸಿ, ಹಿಂದಿನದನ್ನು ಸಿಂಹಾವಲೋಕನಕ್ರಮದಿಂದ ಕಾಣಿಸಿದನು. ಮೂಲಕ್ರೀಡೆಯಲ್ಲಿಯೂ ನಷ್ಟವು ಸ್ಮರಣೆಯಾಗಿಯೇ ಬರುತ್ತದೆ. ಮುಂಚೆ ತೊಡಗಿದರೆ ಅದು ಕಣ್ಣೆದುರಿನ ಅನುಭವವಾಗುತ್ತದೆ: ತುಕಡಿ ಕರಗುತ್ತದೆ, ಮನೆಯಿಂದ ಪತ್ರಗಳು ನಿಲ್ಲುತ್ತವೆ. ಮುಂದಾಗುವುದು ಆಟಗಾರರಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ದುರಂತನಾಟಕದ ಬಲವಿರುವುದು ಈ ಅಂತರದಲ್ಲಿಯೇ.

ಆದುದರಿಂದ ಆರಂಭವನ್ನು ಹಿಂದಕ್ಕೆ ಒಯ್ಯಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಒಂದು ನಿಯಮವುಂಟು. ಯುದ್ಧದ ಗತಿ ಸ್ಥಿರವಾಗಿರಲಿ; ಯಾರು ಉಳಿಯುವರು, ಯಾರನ್ನು ಉಳಿಸುವರು, ಯಾವ ಆಜ್ಞೆಯನ್ನು ಮೀರುವರು ಎಂಬುದು ಆಟಗಾರರ ಕೈಯಲ್ಲಿರಬೇಕು. ಅಷ್ಟೂ ಇಲ್ಲವಾದರೆ ಆ ಮೂರು ವರ್ಷಗಳು ಬರಿಯ ಪೀಠಿಕೆಯಾಗುತ್ತವೆ.